ಮೂರನೇ ತರಗತಿಯಲ್ಲಿ ಮೂಲಂಗಿ

ಒಳಗೆ ಬರುವವರು ಚಪ್ಪಲಿ ಇಲ್ಲೇ ಬಿಡಬೇಕು,
ಅದೊಂದು ಬದಲಾಗಿಲ್ಲ.
ಮಕ್ಕಳ ಬೂಟಿಗೆಂದು ಬಡಗಿ ಮಾಡಿದ ಗೂಡುಗಳಲ್ಲಿ
ನಮ್ಮ ಬಿಳಿ ಗಂಬೂಟು ಹಿಡಿಸುವುದಿಲ್ಲ,
ಮಡಚಿ ತುರುಕುತ್ತೇವೆ.
ನನ್ನದು ಹದಿನೇಳನೆಯದು. ಆಗಲೂ ಅದೇ.
ಯಾರೂ ಕೊಟ್ಟದ್ದಲ್ಲ. ಕೆಲಸದ ಮೊದಲ ದಿನ
ಬೇಗ ಬಂದು ಹಿಡಿದುಕೊಂಡೆ.

ಶಿಕೊಕು ದ್ವೀಪದ ನಡುಬೆಟ್ಟದಲ್ಲಿ ನಮ್ಮ ಕುರೊತಾನಿ.
ಬಿಸಿಲು ಹತ್ತಕ್ಕೆ ಬಂದು ಮೂರಕ್ಕೆ ಹೋಗುತ್ತದೆ,
ಸರ್ಕಾರಿ ನೌಕರನ ಹಾಗೆ.
ಮನೆಗೊಂದು ದೇವದಾರು ಎಂದು ಕೂಡಿಸಿ
ಕಟ್ಟಿದ ಶಾಲೆಯಂತೆ ಇದು.
ಮರವಿಲ್ಲದವರು ಆಳು ಕೊಟ್ಟರು.
ನಮ್ಮಜ್ಜನಿಗೆ ಎರಡೂ ಇರಲಿಲ್ಲ.
ಕಟ್ಟುವವರ ಅನ್ನಕ್ಕೆ ಮೂರು ತಿಂಗಳು
ಉಪ್ಪಿನ ಮೂಲಂಗಿ ಒದಗಿಸಿದ.
ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಲಮು ಸಿಗದೆ
'ಇತರೆ' ಎಂದು ಬರೆದಿದ್ದಾರೆ.

ಯುದ್ಧದ ಕೊನೆಗೆ ಆಟದ ಬಯಲನ್ನು ಅಗೆದು
ಗೆಣಸು ಹಾಕಿದರು. ಅಮ್ಮ ಆಗ ನಾಲ್ಕನೇ ತರಗತಿ.
ಗೇಟಿನ ಬಲಕ್ಕೆ ಕಲ್ಲಿನ ಪುಟ್ಟ ಗುಡಿ,
ಒಳಗೆ ಚಕ್ರವರ್ತಿಯ ಪಟ.
ಬಾಗಿದ ಮೇಲೆಯೇ ಪಾತಿಗೆ ನೀರು.
ಪಟ ಹೇಗಿತ್ತಮ್ಮಾ ಎಂದು ಕೇಳಿದ್ದೆ ಒಮ್ಮೆ.
"ನೆಲ ಹೇಗಿತ್ತು ಅಂತ ಕೇಳು,
ಹೇಳುತ್ತೇನೆ."

ಸೋತ ಮೇಲೆ ಆಜ್ಞೆ ಬಂತು, ಗುಡಿ ಬಿಚ್ಚಿದರು.
ಕಲ್ಲುಗಳು ಕಕ್ಕಸಿನ ಹಿಂದೆ ತುರಿಕೆ ಗಿಡದಲ್ಲಿ ಬಿದ್ದಿದ್ದವು.
ನಾವು ಅವುಗಳ ಸಂದಿಯಲ್ಲಿ ಹಲ್ಲಿ ಹಿಡಿದು
ತೊಮೊಎಯ ಪೆನ್ಸಿಲ್ ಡಬ್ಬಿಗೆ ಹಾಕುತ್ತಿದ್ದೆವು.

ನನಗೆ ಏಳರ ಮಗ್ಗಿ ಬರುತ್ತಿರಲಿಲ್ಲ.
ಏಳೆಂಟಲೆ ಎಂದರೆ ಬಾಯಿ ಒಣಗುತ್ತಿತ್ತು.
ಹಿಸಾನೊ ಮೇಷ್ಟ್ರು ಬೈಯುತ್ತಿರಲಿಲ್ಲ.
ಎರಡು ಕೈಗೆ ಎರಡು ಬಕೆಟ್ಟು ನೀರು ಕೊಟ್ಟು
ಪಡಸಾಲೆಯಲ್ಲಿ ನಿಲ್ಲಿಸುತ್ತಿದ್ದರು.
ಜನವರಿಯಲ್ಲಿ ನೀರಿನ ಅಂಚು ಗಾಜಾಗುವುದನ್ನು
ನಾನು ನಿಂತಲ್ಲೇ ಕಲಿತೆ.

ಈಗ ಅದೇ ಪಡಸಾಲೆಯಲ್ಲಿ, ಅದೇ ಎರಡು ಕೈಯಲ್ಲಿ
ಉಪ್ಪುನೀರು ಹೊರುತ್ತೇನೆ.
ಆಗ ಶಿಕ್ಷೆ. ಈಗ ಗಂಟೆಗೆ ಒಂಬೈನೂರು ಯೆನ್.
ನೂರು ತೂಕದ ಮೂಲಂಗಿಗೆ ಏಳು ಉಪ್ಪು, ತೌಡು ಬೇರೆ.
ಮಗ್ಗಿ ತಪ್ಪುವುದಿಲ್ಲ ಮೇಷ್ಟ್ರೇ,
ತಪ್ಪಿದರೆ ಕೊಳೆಯುತ್ತದೆ.

ಕೊನೆಯ ವರ್ಷ ಇದ್ದವನು ನಗಿಸಾ ಒಬ್ಬನೇ.
ಓಟದ ಪಂದ್ಯದಲ್ಲಿ ಅವನು ಮೊದಲು,
ಹೆಡ್‌ಮೇಷ್ಟ್ರು ಎರಡನೆಯವರು.
ಆಮೇಲೆ ಹನ್ನೊಂದು ವರ್ಷ ಬೀಗ.
ಒಂದು ಚಳಿಗಾಲ ಹಂದಿ ನುಗ್ಗಿ ಪಿಯಾನೊದ ಕೆಳಗೆ ಮರಿ ಹಾಕಿತು.
ಆಗಲಾದರೂ ಸಂಖ್ಯೆ ಏರಿತಲ್ಲ ಎಂದರು ಯಾರೋ.

ಒಕಿಯಾಮಾ ಎಂಬುವನು ತಕ್ಕಡಿ ಹೊತ್ತು ಬಂದಾಗ
ಊರ ಸಭೆಯಲ್ಲಿ ತೊಮೊಎ ಎದ್ದು ನಿಂತಳು:
"ಶಾಲೆಗೆ ಉಪ್ಪಿನಕಾಯಿ ವಾಸನೆ ಹತ್ತೀತು."
"ನಿನ್ನ ಊಟದ ಡಬ್ಬಿ ತೆರೆದಾಗಲೇ ಹತ್ತಿದೆ" ಎಂದೆ.
ಕೈ ಎತ್ತಿದವರು ಹತ್ತೊಂಬತ್ತು, ಎತ್ತದವರು ಆರು.
ತೊಮೊಎ ಈಗ ಪ್ಯಾಕಿಂಗಿನಲ್ಲಿದ್ದಾಳೆ.

ಪೀಪಾಯಿಗಳ ಮೇಲೆ ಹೇರಲು ಭಾರ ಬೇಕಾಯಿತು.
ಆ ಕಲ್ಲುಗಳನ್ನು ಗಿಡದಿಂದ ಎಳೆದು ತೆಗೆದೆವು,
ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ ಬಿಸಿನೀರು ಸುರಿದೆವು.
ಎಪ್ಪತ್ತೆಂಟರ ಅಮ್ಮನನ್ನು ಕರೆತಂದು ತೋರಿಸಿದೆ.
ಬಾಗಿಲಲ್ಲೇ ಅವಳ ಸೊಂಟ ತಾನಾಗಿ ಬಾಗಿತು.
ಅರ್ಧದಲ್ಲಿ ನಿಂತು, ಆಚೀಚೆ ನೋಡಿ,
ಏನೋ ಬಿದ್ದದ್ದನ್ನು ಹೆಕ್ಕುವವಳ ಹಾಗೆ ಮಾಡಿದಳು.
ನಾನು ನೋಡದವಳ ಹಾಗೆ ಮಾಡಿದೆ.
ಆಮೇಲೆ ಕಲ್ಲನ್ನು ತಟ್ಟಿ,
"ಇನ್ನೂ ಒಂದು ಹೇರು," ಎಂದಳು, "ನೀರು ಬಿಟ್ಟಿಲ್ಲ."

ಮೊನ್ನೆ ಆಹಾರ ತನಿಖೆಯವರು ಬಂದು
ಕೈ ತೊಳೆಯುವ ತೊಟ್ಟಿ ತೀರ ತಗ್ಗು,
ಎತ್ತರಿಸಿ ಎಂದು ಬರೆದು ಹೋದರು.
ಎತ್ತರಿಸುತ್ತೇವೆ, ಮುಂದಿನ ವರ್ಷ.
ಸದ್ಯಕ್ಕೆ ಆರು ವರ್ಷದವರ ಎತ್ತರಕ್ಕೆ ಬಗ್ಗಿ
ಮೊಣಕೈವರೆಗೂ ಸೋಪು ಹಚ್ಚುತ್ತೇವೆ.

ಗಂಟೆ ಹೊಡೆಯುತ್ತದೆ.
ಮೂರನೇ ತರಗತಿಯಲ್ಲಿ ಇಪ್ಪತ್ತೆರಡು ಪೀಪಾಯಿ.
ಒಂದೊಂದನ್ನೂ ಮುಟ್ಟಿ ಎಣಿಸುತ್ತೇನೆ.
ಒಂಬತ್ತನೆಯದು ಸ್ವಲ್ಪ ಸೋರುತ್ತದೆ.
ಅದನ್ನು ಕಿಟಕಿಯ ಬದಿಗೆ ಕೂರಿಸಿದ್ದೇನೆ.