ಕೋರಂಗೆ ಒಬ್ಬರು ಕಮ್ಮಿ

ನಮ್ಮ ಸಂಘದ ಕಚೇರಿಗೂ ಹಾಸನಾಂಬೆಯ ಗುಡಿಗೂ
ಒಂದೇ ರೂಢಿ: ವರ್ಷಕ್ಕೊಮ್ಮೆ ಬಾಗಿಲು.
ಅಲ್ಲಿ ಹಚ್ಚಿಟ್ಟ ದೀಪ ಆರಿರುವುದಿಲ್ಲವಂತೆ;
ಇಲ್ಲಿ ಟ್ಯೂಬ್‌ಲೈಟು ಮೂರು ಸಲ ಕಣ್ಣು ಹೊಡೆದು
ಸುಮ್ಮನಾಯಿತು.
ಕೆಳಗಿನ ಮೆಡಿಕಲ್ ಶಾಪಿನ ಬೋರ್ಡಿನಿಂದ
ಕಿಟಕಿಗೆ ಬಂದಷ್ಟು ಹಸಿರು ಬೆಳಕಲ್ಲಿ
ಇಪ್ಪತ್ತೈದು ಕುರ್ಚಿ ಒರೆಸಿದೆ.

ಬೈಲಾ ಪ್ರಕಾರ ಇಪ್ಪತ್ತೊಂದು ಜನ ಬೇಕು.
ಏಳೂವರೆಗೆ ಹನ್ನೊಂದು, ಎಂಟಕ್ಕೆ ಹದಿನೇಳು.
ದುದ್ದದ ಡಾಕ್ಟರು ಕಮಲಾಕ್ಷಿ ಬಸ್ಸಿಳಿದು ಬಂದರು,
ತೋಳ ಮೇಲೆ ಯಾವುದೋ ಮಗು ಕಕ್ಕಿದ ಗುರುತು.
ಎಂಟೂಕಾಲಿಗೆ ಇಪ್ಪತ್ತು. ಅಲ್ಲೇ ನಿಂತಿತು.
"ಜಿನದತ್ತ ಬರಲಿ ತಡೀರಿ, ಅವನು ಯಾವಾಗಲೂ ಕೊನೆ"
ಅಂದುಬಿಟ್ಟರು ಅಧ್ಯಕ್ಷರು,
ಅಂದಮೇಲೆ ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು.
ನನ್ನ ಕಡತದಲ್ಲಿ ವಿಷಯ ಸಂಖ್ಯೆ ಒಂದು: ಸಂತಾಪ.

ಕಾದೆವು. ಓದಬೇಕಾದ ವರದಿಯ ಮೇಲೆ ಕಣ್ಣಾಡಿಸಿದೆ.
ಥೈರಾಯ್ಡಿನ ಬಗ್ಗೆ ಉಪನ್ಯಾಸ, ಊಟ ಕಂಪನಿಯದು.
ಕಟ್ಟಾಯದಲ್ಲಿ ಸಕ್ಕರೆ ತಪಾಸಣೆ, ಸ್ಟ್ರಿಪ್ಪು ಸಾಲದೆ
ನೂರ ನಲವತ್ತಕ್ಕೇ ನಿಂತದ್ದು.
ಕ್ರಿಕೆಟ್ಟಿನಲ್ಲಿ ವಕೀಲರಿಗೆ ಸೋತದ್ದು, ಮತ್ತೆ.
ಚಂದಾ ಬಾಕಿ ಒಂಬತ್ತು ಮಂದಿ; ಒಂದು ಹೆಸರಿನ ಎದುರು
ಖಜಾಂಚಿಯ ಪೆನ್ಸಿಲ್ಲು: ಇನ್ನು ಕೇಳುವಂತಿಲ್ಲ.

ಮೆಟ್ಟಿಲಲ್ಲಿ ಸದ್ದು.
ಡಾಕ್ಟರಲ್ಲ, ಬಾಬಾಜಾನ್.
ಪೆನ್ಷನ್ ಮೊಹಲ್ಲಾದ ಆ ಒಂಟಿ ಕೋಣೆಯಲ್ಲಿ
ಮೂವತ್ತೊಂದು ವರ್ಷ ಪೊಟ್ಟಣ ಕಟ್ಟಿದವನು.
ಕಂಕುಳಲ್ಲಿ ಎರಡು ಷೂ ಡಬ್ಬಿ,
ಹಿಂದೆ ಬಂದ ಹುಡುಗನ ತಲೆಯ ಮೇಲೆ ಇನ್ನೂ ನಾಲ್ಕು.
"ಶನಿವಾರಕ್ಕೆ ಖಾಲಿ ಮಾಡು ಅಂದವ್ರೆ ಓನರ್ರು.
ಔಷಧಿ ಏಜೆಂಟು ವಾಪಸ್ ತಗೊಂಡ. ಇದನ್ನ ಯಾರಿಗೆ ಕೊಡ್ಲಿ?"

ಕಾರ್ಡುಗಳು. ನಾನೂರ ಹನ್ನೆರಡು, ಎಣಿಸಿ ತಂದಿದ್ದ.
ಒಂದನ್ನು ಎಳೆದೆ. ಬಿ.ಪಿ. ನೂರೈವತ್ತು, ತೊಂಬತ್ತು;
ಅಡಿಯಲ್ಲಿ ಜಿನದತ್ತರ ಹಸಿರು ಮಸಿ:
ಎಡಗಿವಿ ಕೇಳದು, ಬಲಕ್ಕೆ ಕೂತು ಮಾತಾಡು.
ಇನ್ನೊಂದು: ಗಂಡನನ್ನು ಆಚೆ ಕಳಿಸಿ, ಆಮೇಲೆ ನೋವು ಎಲ್ಲಿ ಎಂದು ಕೇಳು.
ಆಲೂಗಡ್ಡೆ ಮಂಡಿಯ ಹಮಾಲಿಯದು: ಹೊರಬೇಡ ಅಂದರೆ ಹಸಿದಿರುತ್ತಾನೆ,
ಹೇಗೆ ಹೊರಬೇಕೆಂದು ತೋರಿಸು.
ಮತ್ತೊಂದರಲ್ಲಿ ಔಷಧಿಯ ಹೆಸರೇ ಇಲ್ಲ:
ಮಗ ಹೋಗಿ ಈ ಕಾರ್ತಿಕಕ್ಕೆ ಎರಡು ವರ್ಷ. ಬಂದರೆ ಕೂರಿಸು.

ಮಾತಾಡು, ಕೇಳು, ತೋರಿಸು, ಕೂರಿಸು.
ಈ ಏಕವಚನ ಯಾರಿಗೆ?
ತನಗೇ ಹೇಳಿಕೊಂಡದ್ದೋ,
ಬರುವ ಯಾರಿಗೋ ಸಲಿಗೆಯಿಂದ ಅಂದದ್ದೋ.

ಯಾರು ಹೇಳಿದರೋ, ಕುರ್ಚಿಗಳು ಡಬ್ಬಿಯ ಸುತ್ತ ಸರಿದವು.
"ದುದ್ದದ ಕಡೆಯವು ನನಗಿರಲಿ."
"ಈಯಮ್ಮ ಜಗಳಗಂಟಿ, ನಿಮಗೇ ಸರಿ."
ರಕ್ತಪರೀಕ್ಷೆಯ ಕಮಿಷನ್ನಿನ ಜಗಳದಲ್ಲಿ
ಮೂರು ವರ್ಷದಿಂದ ಮಾತು ಬಿಟ್ಟಿದ್ದ
ಸಾಲಗಾಮೆ ರಸ್ತೆಯ ಇಬ್ಬರು
ಮಾತಿಲ್ಲದೆಯೇ ಕಾರ್ಡು ಬದಲಿಸಿಕೊಂಡರು,
ಇವರ ಬೀದಿಯದು ಇವರಿಗೆ, ಅವರದು ಅವರಿಗೆ.

ಡಬ್ಬಿಯ ತಳದಲ್ಲಿ ಉಳಿದದ್ದು ನನ್ನ ಕೈಗೆ:
ಬಾಬಾಜಾನ್, ಐವತ್ತೆಂಟು, ಸಕ್ಕರೆ.
ಊರಿಗೆಲ್ಲ ಮಾತ್ರೆ ಕೊಡುತ್ತಾನೆ, ತಾನು ಮರೆಯುತ್ತಾನೆ.
ಎದುರಿಗೇ ನುಂಗಿಸು.
"ಇವತ್ತು ತಗೊಂಡ್ರಾ?" ಎಂದೆ.
ಅವನು ಟ್ಯೂಬ್‌ಲೈಟಿನ ಕಡೆ ನೋಡಿದ.
"ಊಟ?"
"ಸ್ಟಾರ್ಟರ್ ಹೋಗೈತೆ ಮೇಡಂ," ಅಂದ, "ನಾಳೆ ಹಾಕ್ತೀನಿ."

ನಡಾವಳಿ ಹೀಗೆ ಬರೆದೆ:
ಕೋರಂ ಇಲ್ಲದೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ
ಅದೇ ಸ್ಥಳದಲ್ಲಿ ಮತ್ತೆ ಸೇರಲಾಯಿತು.
ವರದಿ ಓದಲಾಯಿತು. ಅಂಗೀಕಾರವಾಯಿತು.
ಆ ಅರ್ಧ ಗಂಟೆಗೆ ಪುಸ್ತಕದಲ್ಲಿ ಸಾಲಿಲ್ಲ.

ಲೆಕ್ಕ ಮುಗಿಸುವಾಗ ಖಜಾಂಚಿ ಚೀಟಿ ಹಿಡಿದು ಕೇಳಿದರು,
"ಇಡ್ಲಿ ಒಂದು ಪ್ಲೇಟು, ಮೂವತ್ತು ರೂಪಾಯಿ.
ಇದು ಯಾವ ಬಾಬತ್ತು?"
ಯೋಚಿಸಿದೆ.
"ಇತರೆ ಅಂತ ಹಾಕಿ."