ಗೋಲಿಯ ಕಡೆಯಿಂದ

ವಾರಿಜಳ ಬೆನ್ನು ನನಗೆ ಬಾಯಿಪಾಠ.
ಆರು ವರ್ಷ ಅದನ್ನೇ ನೋಡಿದ್ದೇನೆ
ಎರಡು ಕಲ್ಲುಗಳ ನಡುವೆ ನಿಂತು.
ನಾನು ಗೋಲಿ. ಕಾಯುವವಳು.
ಚೆಂಡು ಅತ್ತ ಹೋದರೆ ನನಗೆ ಕೆಲಸವಿಲ್ಲ,
ಎದುರಿಗೆ ಅಣ್ಣನ ಸೆವೆನ್ಸ್ ಕ್ಲಬ್ಬಿನ ಜೆರ್ಸಿ
ಅವಳ ಮಂಡಿಯವರೆಗೆ,
ಹತ್ತರ ಸೊನ್ನೆ ಕಿತ್ತುಹೋಗಿ ಬರೀ ಒಂದು.
ಆ ಒಂದು ಎಡಕ್ಕೆ ವಾಲಿತೆಂದರೆ
ಗೋಲಾಯಿತೆಂದೇ ಲೆಕ್ಕ.

ಕುಂಬಳೆಯಾಚೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆ
ನಮ್ಮ ಮೈದಾನು.
ಮೂರು ಕಡೆ ಗರಗಸದ ಗೆರೆ ಬಿದ್ದ ಗೋಡೆ,
ನಾಲ್ಕನೆಯದು ರೈಲು.
ಬಿದ್ದರೆ ಮಂಡಿಯಲ್ಲಿ ಮಣ್ಣೋ ರಕ್ತವೋ
ಮನೆಯಲ್ಲಿ ಗೊತ್ತಾಗುತ್ತಿರಲಿಲ್ಲ, ಅದೊಂದು ಅನುಕೂಲ.
ಜೂನಿನಲ್ಲಿ ಕೋರೆ ಕೆರೆಯಾಗುತ್ತಿತ್ತು,
ಗೋಲ್‌ಪೋಸ್ಟಿನ ಕಲ್ಲಿನ ಮೇಲೆ ಕಪ್ಪೆ.
ಸೆಪ್ಟೆಂಬರಿನ ತನಕ
ಹೆಣ್ಣುಮಕ್ಕಳಾಗಿಯೇ ಇರುತ್ತಿದ್ದೆವು, ಬೀಡಿ ಕಟ್ಟುತ್ತ.

ಅವಳಮ್ಮ ಕಮಲಕ್ಕ ಮೊರದಿಂದ ಕಣ್ಣೆತ್ತದೆ ಕೇಳಿದ್ದರು:
‘ಗೆದ್ದರೆ ಏನು ಕೊಡ್ತಾರೆ?’
‘ಸ್ಟೀಲಿನ ಲೋಟ.’
‘ಸೋತರೆ?’
‘ಬಾಳೆಹಣ್ಣು.’
‘ಹಾಗಾದ್ರೆ ಒಮ್ಮೆ ಗೆಲ್ಲು, ಒಮ್ಮೆ ಸೋಲು.’

ಲೋಟಗಳೇ ಜಾಸ್ತಿಯಾದವು.

ತ್ರಿಶೂರಿನ ಕ್ಯಾಂಪಿನಲ್ಲಿ ಯಾರೂ ಹೆಸರು ಹಿಡಿದು ಕರೆಯಲಿಲ್ಲ.
‘ಏ ಕಾಸರಗೋಡ್’ ಅಂದರೆ ಅವಳು.
ಕನ್ನಡ ಶಾಲೆಯ ಹುಡುಗಿ, ಬಸ್ಸಿನಲ್ಲಿ ಕಲಿತ ಮಲಯಾಳ,
ಟಿಕೇಟಿಗೆ ಸಾಕು, ಆಟದ ತಂತ್ರಕ್ಕೆ ಸಾಲದು.
ಕೋಚು ಬೋರ್ಡಿನ ಮೇಲೆ ಎಳೆದ ಬಾಣಗಳನ್ನಷ್ಟೇ ಓದಿ ಆಡಿದಳಂತೆ.
ಎರಡು ವರ್ಷ ರಾಜ್ಯ ತಂಡ.
ಪೇಪರಿನಲ್ಲಿ ಹೆಸರು ಗಿರಿಜಾ ಎಂದು ಬಂತು,
ಕಮಲಕ್ಕ ಅದನ್ನೂ ಕತ್ತರಿಸಿ ಇಟ್ಟರು.

ಆಮೇಲೆ ಮೊಣಕಾಲು.
ಯಾರೂ ತಾಗಿರಲಿಲ್ಲ.
ಅವಳು ತಿರುಗಿದಳು, ಕಾಲು ತಿರುಗಲಿಲ್ಲ, ಅಷ್ಟೆ.
ಆ ಬೆನ್ನು ನೆಲಕ್ಕೆ ಬಿದ್ದದ್ದನ್ನು ನಾನು ನೋಡಿಲ್ಲ.
ಆಗ ಸಹಕಾರಿ ಬ್ಯಾಂಕಿನ ಕಿಟಕಿಯ ಹಿಂದೆ ಕೂತಿದ್ದೆ,
ಅಲ್ಲೂ ಕಾಯುವುದೇ ಕೆಲಸ.

ಹನ್ನೊಂದು ವರ್ಷ ಅವಳು ಚೆಂಡಿನ ಮಾತೆತ್ತಲಿಲ್ಲ.
ರಿಕ್ಷಾ ಓಡಿಸಿದಳು.
ಯಾಕೆ ರಿಕ್ಷಾ ಎಂದರೆ
‘ಕ್ಲಚ್ಚು ಕೈಯಲ್ಲಿರ್ತದೆ ಮಾರಾಯ್ತಿ,
ಎಡಗಾಲು ಸುಮ್ಮನೆ ಕೂರಬಹುದು.’
ಟೂರ್ನಮೆಂಟಿನ ರಾತ್ರಿ ಮೈಕು ಕೇಳಿಸುವ ದಾರಿ ಬಿಟ್ಟು
ಸುತ್ತು ಬಳಸಿ ಹೋಗುತ್ತಿದ್ದಳು, ಬಾಡಿಗೆ ಅಷ್ಟೇ ತಕ್ಕೊಂಡು.

ಹೇಗೆ ಶುರುವಾಯಿತೋ ಸರಿಯಾಗಿ ನನಗೂ ಗೊತ್ತಿಲ್ಲ.
ರಿಕ್ಷಾದಲ್ಲಿ ಬರುವ ಶಾಲೆಯ ಮಕ್ಕಳು,
ಪಂಚಾಯತ್ ಮೈದಾನಿನ ಹತ್ತಿರ ಪಂಕ್ಚರ್,
ಅಂತ ಏನೋ ಹೇಳುತ್ತಾಳೆ, ಪ್ರತಿಸಲ ಬೇರೆ ಬೇರೆ.

ಈಗ ಹದಿನೇಳು ಹುಡುಗಿಯರು, ಸಂಜೆ ನಾಲ್ಕೂವರೆ.
ಮಿಸ್ರಿಯಾಳಿಗೆ ಪಾಯ್,
ಫ್ಲೋರಿನ್‌ಗೆ ಧಾಂವ್,
ಚಂದ್ರಾವತಿಗೆ ಬಲಿಪು,
ಬೈಯುವಾಗ ಮಾತ್ರ ಎಲ್ಲರಿಗೂ ಶುದ್ಧ ಕನ್ನಡ.
ಮಿಸ್ರಿಯಾಳ ಮಾವ ಮೂರು ದಿನ
ಸ್ಕೂಟರ್ ಆಫ್ ಮಾಡದೆ ಗೋಡೆಯಾಚೆ ನಿಂತಿದ್ದರು.
ನಾಲ್ಕನೆಯ ದಿನ ಅವಳೇ ಕರೆದಳು,
‘ಇಬ್ರಾಯಿಚ್ಚ, ಆ ಚೆಂಡಿಗೆ ಸ್ವಲ್ಪ ಗಾಳಿ.’
ಈಗ ಪಂಪು ಅವರದೇ,
ಬೇರೆಯವರು ಮುಟ್ಟುವ ಹಾಗಿಲ್ಲ.

ಬ್ಯಾಂಕು ಮುಗಿಸಿ ಹೋಗಿ ನಾನು
ಗೋಲಿನ ಬಲೆಯ ಹಿಂದೆ ನಿಲ್ಲುತ್ತೇನೆ, ಹಳೇ ಚಟ.
ಆಡುವವರು ಅತ್ತ ಮುಖ, ಅವಳು ಇತ್ತ.
ಆರು ವರ್ಷ ಜೊತೆಗೆ ಆಡಿಯೂ ನನಗೆ ಗೊತ್ತಿರಲಿಲ್ಲ,
ಚೆಂಡು ಬರುವ ಮೊದಲು ಅವಳು ಕೆಳದುಟಿ ಕಚ್ಚುತ್ತಾಳೆಂದು.
ಕಚ್ಚಿ ಕಚ್ಚಿ ಅಲ್ಲೊಂದು ಬಿಳಿ ಗೆರೆಯೇ ಇದೆ.
ಈಗಲೂ ಕಚ್ಚುತ್ತಾಳೆ,
ಚೆಂಡು ಬರುವುದು ಬೇರೆಯವರ ಕಾಲಿಗೆ.

ನಿನ್ನೆ ಒಂದು ಚೆಂಡು ತಪ್ಪಿ ಉರುಳಿ
ಅವಳ ಎಡಗಾಲಿನ ಪಕ್ಕದಲ್ಲೇ ನಿಂತಿತು.
ಹದಿನೇಳು ಜನ ಓಡುವುದು ಬಿಟ್ಟು ನೋಡಿದರು.
ಇಬ್ರಾಯಿಚ್ಚನೂ.
ತುಟಿ ಕಚ್ಚಿದಳು.
ಭುಜ ಒಂದಿಷ್ಟು, ಕಂಡೂ ಕಾಣದ ಹಾಗೆ, ಎಡಕ್ಕೆ.
ಆಮೇಲೆ ಬಾಗಿ, ಕೈಯಲ್ಲಿ ಎತ್ತಿಕೊಂಡು,
ಬಲೆಯ ಮುಂದಿನ ಪುಟ್ಟ ಹುಡುಗಿಗೆ
‘ಗೋಲೀ, ಹಿಡಿ’ ಎಂದು ಎಸೆದಳು.

ನನ್ನ ಎರಡೂ ಕೈ ಮುಂದೆ ಹೋದವು.
ಬ್ಯಾಗು ಬಿದ್ದು
ಬುತ್ತಿಯ ಡಬ್ಬಿ ಉರುಳಿತು.