ಐದೂವರೆಯ ಲಲಿತ

ನರಕ ಚತುರ್ದಶಿ. ಎರಂಡವಣೆಯ ಶಾಲೆಯ ಮೈದಾನ.
ಎಣ್ಣೆ ಹಚ್ಚಿ, ಉಟಣೆ ತಿಕ್ಕಿ, ಮಿಂದು ಬಂದ ಪುಣೆ
ಕಿವಿಗೆ ಮಫ್ಲರು ಸುತ್ತಿಕೊಂಡು
ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿತ್ತು.
ಕೇಳಲು ಬಂದವರೇ ಕಿವಿ ಮುಚ್ಚಿಕೊಂಡರೆ ಹೇಗೆ
ಎಂದು ತಂಬೂರಿಯ ಹಿಂದಿನಿಂದ ನಾನು.

ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿದ್ದೆ.
ಲಲಿತಕ್ಕೆ ಪಂಚಮ ಬೇಡ.
ಬದಲಿಗೆ ಎರಡು ಮಧ್ಯಮ, ಒಂದರ ಮಗ್ಗುಲಿಗೆ ಒಂದು,
ಒಂದೇ ಒಲೆಯ ಮುಂದೆ ವಾರಗಿತ್ತಿಯರ ಹಾಗೆ.

ಚಿಹಾರು ಕಣ್ಣು ಮುಚ್ಚಿದ್ದಳು. ಕನಜಾವಾದವಳು.
ಹನ್ನೊಂದು ವರ್ಷ ಸದಾಶಿವ ಪೇಠೆಯ ಮೂರನೇ ಮಹಡಿಯಲ್ಲಿ
ದಾತಾರಬಾಯಿಯವರ ಎದುರು ಷಡ್ಜ ಹಚ್ಚಿದವಳು,
ಹಾಲಿನವನ ಜೊತೆ ಮರಾಠಿಯಲ್ಲೇ ಜಗಳ ತೆಗೆಯುವವಳು.
ಇಳಕಲ್ ಸೀರೆ. ಸೆರಗು ಸಿಕ್ಕಿಸಿದ್ದು ನಾನು:
ಎರಡು ಪಿನ್ನು, ಒಂದು ನನ್ನ ಬ್ಯಾಂಕಿನ ಗುರುತಿನ ಚೀಟಿಯದು.

'ಸಾಗರದಾಚೆಯ ಅದ್ಭುತ' ಎಂದ ನಿರೂಪಕ.
ಆಮೇಲೆ ಬಂಗಾರದಂಗಡಿ, ಬಿಲ್ಡರು, ಚಿವಡಾದವರು;
ಪ್ರಾಯೋಜಕರ ಹೆಸರು ಮುಗಿಯುವಷ್ಟರಲ್ಲಿ
ಚಳಿಗೆ ಶ್ರುತಿ ಜಾರಿತ್ತು.

ಕೊನೆಗೊಂದು ಕನ್ನಡ ಪದ ಇತ್ತು.
ದಾತಾರಬಾಯಿಯವರ ಗುರು ಹಾವೇರಿ ಕಡೆಯವರಂತೆ,
ಅವರಜ್ಜಿ ಬೀಸುವಾಗ ಹಾಡುತ್ತಿದ್ದ ನಾಲ್ಕು ಸಾಲು.
ಹಿಂದಿನ ರಾತ್ರಿ ಚಿಹಾರುವಿನ ನೋಟ್‌ಬುಕ್ಕು ನೋಡಿದೆ.
ಮೇಲೆ ದೇವನಾಗರಿ, ಕೆಳಗೆ ಅವಳೂರಿನ ಚೂಪು ಅಕ್ಷರ.
ಆ ಲಿಪಿಯಲ್ಲಿ ರ, ಲ, ಳ ಮೂವರಿಗೂ
ಒಂದೇ ಖೋಲಿ.

'ಬೆಳಗು' ಅಂದೆ.
'ಬೆರಗು' ಅಂದಳು.
ನಾಲಿಗೆ ಮಡಚು, ಚಾಪೆ ಸುತ್ತಿದ ಹಾಗೆ, ಹಿಂದಕ್ಕೆ.
'ಬೆರಗು.'
ಕನ್ನಡಿ ತಂದೆ. ಇಬ್ಬರೂ ಬಾಯಿ ತೆರೆದು ಕೂತೆವು
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.
ಹನ್ನೆರಡರ ಸುಮಾರಿಗೆ ಒಮ್ಮೆ ಬಂತು ಆ ಳ,
ದವಡೆಯಿಂದ ಉರುಳಿದ ಬೆಲ್ಲದ ತುಂಡು.
ಮತ್ತೆ ಬರಲಿಲ್ಲ.
ಖಡಕಿಯಲ್ಲಿ ಹುಟ್ಟಿ, ಕನ್ನಡವನ್ನು
ಅಮ್ಮನ ಫೋನಿಗಷ್ಟೇ ತೆಗೆದಿಟ್ಟ ನಾನು
ಯಾರಿಗೆ ಪಾಠ ಹೇಳುತ್ತಿದ್ದೇನೆ ಅನಿಸಿ
ಚಹಾಕ್ಕಿಟ್ಟೆ.

ಅವಳೂರಲ್ಲಿ ಇದೇ ತಿಂಗಳು
ಪೈನ್ ಮರಗಳಿಗೆ ಹಗ್ಗ ಕಟ್ಟುತ್ತಾರಂತೆ, ತುದಿಯಿಂದ ಕೊಂಬೆಕೊಂಬೆಗೆ,
ಹಿಮದ ಭಾರಕ್ಕೆ ಮುರಿಯದಿರಲೆಂದು.
ದೂರದಿಂದ ನೋಡಿದರೆ
ತೋಟದ ತುಂಬ ತಂಬೂರಿ ನಿಲ್ಲಿಸಿದ ಹಾಗಂತೆ.
ಅದಕ್ಕೊಂದು ಹೆಸರು: ಯುಕಿತ್ಸುರಿ.
ನಾನು ಅಂದೆ, ಅವಳು ನಕ್ಕಳು.
ಮತ್ತೆ ಅಂದೆ. ಮತ್ತೆ ನಕ್ಕಳು.

ತೀವ್ರ ಮಧ್ಯಮದಿಂದ ಶುದ್ಧಕ್ಕೆ ಅವಳು ಜಾರುವಾಗ
ಹಿಂದಿನ ಸೊಸೈಟಿಯಿಂದ ಢಮ್ಮೆಂದಿತು.
ಹುಡುಗರು ಮಣ್ಣಿನ ಕಿಲ್ಲೆಯ ಪಕ್ಕದಲ್ಲೇ ಹಚ್ಚಿರಬೇಕು;
ಕೋಟೆಯ ಮೇಲಿನ ಪ್ಲಾಸ್ಟಿಕ್ ಸೈನಿಕರು ಅಡ್ಡಾಗಿರಬೇಕು.
ಮುಂದಿನ ಸಾಲಿನ ಮಗು ಚಪ್ಪಾಳೆ ತಟ್ಟಿ
ಪಟಾಕಿಯ ಹೆಸರು ಕೂಗಿತು: 'ಆಟಂ ಬಾಂಬ್!'

ತೆಪ್ಪೇಯಿಯ ಎಡಗೈ ಡಗ್ಗದ ಮೇಲೆ ನಿಂತಿತು.
ಅವನದು ಯಾವ ಊರು, ನನಗೆ ಗೊತ್ತು.
ನಿರೂಪಕ ಕೇಳಿರಲಿಲ್ಲ.
ನಾನು ನೆಲ ನೋಡಿದೆ.
ತಂಬೂರಿ ನಿಲ್ಲಿಸುವ ಹಾಗಿಲ್ಲ, ಬೆರಳು ನಡೆದೇ ಇತ್ತು.
ಅವನು ಸುತ್ತಿಗೆ ಎತ್ತಿ ತಬಲಾದ ಗಟ್ಟಿಗೆ ಎರಡು ಪೆಟ್ಟು ಕೊಟ್ಟ,
ಶ್ರುತಿ ಇಳಿದಿತ್ತು ಎಂಬಂತೆ. ಇಳಿದಿರಲಿಲ್ಲ.
ನನ್ನ ಕಡೆ ಬಾಗಿ ಮರಾಠಿಯಲ್ಲಿ ಅಂದ:
'ಇದು ನನ್ನ ಆರನೇ ದಿವಾಳಿ.'

ಆರೂ ಮುಕ್ಕಾಲು. ಶಾಮಿಯಾನದ ಸರಪಟಾಕಿಯಂಥ ಬಲ್ಬುಗಳು
ಉರಿಯುತ್ತಿದ್ದವು, ಯಾರಿಗೂ ಬೇಡವಾಗಿ.
ಅವಳು ಆ ಸಾಲಿಗೆ ಬಂದಳು.
ಅಜ್ಜಿ ಹಾಡಿದ್ದು, ಬೆಳಗಾಯಿತು ಏಳು.
ಮೈಕಿನಲ್ಲಿ, ಮೈದಾನಕ್ಕೆಲ್ಲ, ಒಂದಿಷ್ಟೂ ಅಂಜದೆ:
ಬೆರಗಾಯಿತು, ಏರು.

ಎಂಟನೇ ಸಾಲಿನಲ್ಲೊಬ್ಬ ಮಫ್ಲರು ಬಿಚ್ಚಿದ.
ಬಿಸಿಲಿಗೋ ಏನೋ.

ವೇದಿಕೆಯ ಹಿಂದೆ ಫರಾಳದ ಪೊಟ್ಟಣ ಹಂಚುತ್ತಿದ್ದರು.
ಪಿನ್ನು ಕಳಚಿ ನನ್ನ ಅಂಗೈಗಿಟ್ಟು ಕೇಳಿದಳು,
'ಳ ಬಂತಾ?'
'ಬಂತು' ಅಂದೆ.
ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು.
'ಹಾಗಾದರೆ ನೀನು ಹೇಳು.'
ಯುಕಿತ್ಸುರಿ, ಅಂದೆ.
ಮೆತ್ತಗಾದ ಚಕ್ಕುಲಿ ಮುರಿಯುತ್ತ ಅವಳೂ,
'ಬಂತು.'